ಗಗನನೌಕೆಯ ಅಪಘಾತವೂ ನಮ್ಮ ಸಿದ್ಧತೆಯೂ

ಕೆಲವು ದಿನಗಳ ಹಿಂದೆ ರಾಜಾಜಿನಗರದ ಪ್ರೌಢಶಾಲೆಯೊಂದರ ವಿಜ್ಞಾನ ಸಂಘದವರು ನಮ್ಮನ್ನು ಭಾಷಣಕ್ಕೆ ಕರೆದಿದ್ದರು. ವಿಷಯ ಗಗನಯಾನ. ಭಾರತೀಯರು ಸ್ವಂತ ರಾಕೆಟ್ಟಿನಲ್ಲಿ ಅಂತರಿಕ್ಷಕ್ಕೆ ಏರಲಿರುವ ಬಗೆಯನ್ನು ನಾವು ಯಥಾಶಕ್ತಿ ವಿವರಿಸಿ ಕುಳಿತ ಮೇಲೆ, ಹಿಂದಿನ ಸಾಲಿನಿಂದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ನಮ್ಮವರು ಹೋದ ನೌಕೆ ಒಡೆದುಹೋದರೆ ಆಮೇಲೆ ಏನು ಮಾಡುತ್ತಾರೆ?” ಎಂದು ಕೇಳಿದಳು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಹಿಂತಿರುಗಿ, “ಶುಭಕಾರ್ಯಕ್ಕೆ ಮುಂಚೆ ಅಪಶಕುನದ ಮಾತು ಆಡಬಾರದಮ್ಮ, ಕೂತುಕೋ” ಎಂದರು. ಸಭೆಯಲ್ಲಿ ನಗು ಎದ್ದಿತು. ಹುಡುಗಿ ಕುಳಿತುಬಿಟ್ಟಳು.

ನಮಗೆ ಆ ನಗುವಿನಲ್ಲಿ ಪಾಲುಗೊಳ್ಳಲು ಮನಸ್ಸಾಗಲಿಲ್ಲ. ಅಂದು ಕೇಳಲಾದ ಪ್ರಶ್ನೆಗಳಲ್ಲಿ ಉತ್ತರ ಹೇಳಲೇಬೇಕಾಗಿದ್ದುದು ಅದೊಂದೇ. ಹಿರಿಯರು ಆಡಿದಂತಹ ಮಾತನ್ನೇ ಬೇರೊಂದು ದೇಶದಲ್ಲಿ, ಬೇರೊಂದು ಭಾಷೆಯಲ್ಲಿ, ಬಹು ದೊಡ್ಡ ಅಧಿಕಾರಿಗಳು ಆಡಿದ್ದುಂಟು. ಅದರ ಮಾರನೆಯ ದಿನ ಏಳು ಮಂದಿ ಸತ್ತರು.

ಆ ಶಾಲೆಯಿಂದ ಪೀಣ್ಯ ಬಹಳ ದೂರವಿಲ್ಲ. ನಮ್ಮ ಪ್ರಥಮ ಉಪಗ್ರಹವಾದ ಆರ್ಯಭಟವು ರೂಪುಗೊಂಡುದು ಪೀಣ್ಯದ ಕೈಗಾರಿಕಾ ಬಡಾವಣೆಯ ಷೆಡ್ಡುಗಳಲ್ಲಿ. ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ತಯಾರಾದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಕಕ್ಷೆಗೆ ಸೇರಿತು. ಉಪಗ್ರಹಗಳೊಡನೆ ಮಾತನಾಡುವ ನಿಯಂತ್ರಣ ಕೇಂದ್ರವೂ ಪೀಣ್ಯದಲ್ಲಿಯೇ ಇದೆ. 2019ರ ಸೆಪ್ಟೆಂಬರ್ 7ರ ನಡುರಾತ್ರಿಯ ಅನಂತರ ಚಂದ್ರಯಾನ-2ರ ವಿಕ್ರಮ್ ನೌಕೆ ಚಂದ್ರನ ನೆಲಕ್ಕೆ ಇನ್ನೇನು ಇಳಿಯಬೇಕೆನ್ನುವಾಗ ಸಂಪರ್ಕ ಕಡಿದುಹೋಗಿ, ಅಲ್ಲಿ ಕುಳಿತಿದ್ದವರ ಮುಖಗಳು ಬಾಡಿದುದನ್ನು ನಾಡೆಲ್ಲ ಟೆಲಿವಿಷನ್ನಿನಲ್ಲಿ ಕಂಡಿತು. ನಾಲ್ಕು ವರ್ಷಗಳಲ್ಲಿ, 2023ರ ಆಗಸ್ಟ್ 23ರಂದು, ಅದೇ ಕೇಂದ್ರದಲ್ಲಿ ನಗುವೂ ಕಾಣಿಸಿತು. ಯಂತ್ರವೊಂದು ಒಡೆದರೆ ಅಳು ಬರುವುದು, ಕಾರಣ ಹುಡುಕುವುದು, ಮತ್ತೊಂದನ್ನು ಕಟ್ಟುವುದು. ಇಷ್ಟನ್ನು ನಾವು ಕಲಿತಿದ್ದೇವೆ. ಒಳಗೆ ಮನುಷ್ಯರಿದ್ದರೆ ಏನು ಮಾಡಬೇಕೆಂಬುದನ್ನು ಮಾತ್ರ ಇನ್ನೂ ಕಲಿಯಬೇಕಾಗಿದೆ. ಆ ಪಾಠ ಅಗ್ಗವಾಗಿ ದೊರೆಯಬೇಕಾದರೆ ಪರರ ಅನುಭವದಿಂದಲೇ ಪಡೆಯಬೇಕು.

1986ರ ಜನವರಿ 28, ಮಂಗಳವಾರ. ಬೆಂಗಳೂರಿನಲ್ಲಿ ರಾತ್ರಿ ಹತ್ತು ಗಂಟೆ ದಾಟಿ ಎಂಟು ನಿಮಿಷ. ಅಮೆರಿಕದ ಫ್ಲಾರಿಡಾ ತೀರದಲ್ಲಿ ಆಗ ಬೆಳಗಿನ ಹೊತ್ತು. ಚಾಲೆಂಜರ್ ಎಂಬ ಷಟಲ್ ನೌಕೆ ನೆಲವನ್ನು ಬಿಟ್ಟು 73 ಸೆಕೆಂಡು ಕಳೆಯುವಷ್ಟರಲ್ಲಿ, ಸುಮಾರು 14 ಕಿಲೋಮೀಟರು ಎತ್ತರದಲ್ಲಿ ಛಿದ್ರವಾಯಿತು. ಒಳಗಿದ್ದ ಏಳು ಮಂದಿಯಲ್ಲಿ ಕ್ರಿಸ್ಟಾ ಮೆಕಾಲಿಫ್ ಎಂಬ ಶಾಲಾ ಉಪಾಧ್ಯಾಯಿನಿಯೂ ಒಬ್ಬರು. ಅಂತರಿಕ್ಷದಿಂದ ಮಕ್ಕಳಿಗೆ ಪಾಠ ಹೇಳಬೇಕೆಂದು ಹೊರಟಿದ್ದವರು.

ಈ ನೌಕೆ ನಮಗೆ ಅಪರಿಚಿತವಾಗಿರಲಿಲ್ಲ. 1983ರ ಆಗಸ್ಟ್ 30ರಂದು ನಮ್ಮ ಇನ್ಸಾಟ್-1ಬಿ ಉಪಗ್ರಹವನ್ನು ಹೊತ್ತು ಮೇಲೇರಿದುದು ಇದೇ ಚಾಲೆಂಜರ್. ಹಾಸನದ ನಿಯಂತ್ರಣ ಕೇಂದ್ರದ ಉಸ್ತುವಾರಿಯಲ್ಲಿ ಆ ಉಪಗ್ರಹ ವರ್ಷಗಟ್ಟಲೆ ದುಡಿಯಿತು. 1987ರಲ್ಲಿ ಭಾನುವಾರ ಬೆಳಗ್ಗೆ ವಿಜಯನಗರದ ಬೀದಿಗಳು ಬಿಕೋ ಎನ್ನುವಂತೆ ಮಾಡಿದ ರಾಮಾಯಣ ಧಾರಾವಾಹಿಯ ಕಾಲದಲ್ಲಿ ದೂರದರ್ಶನವನ್ನು ದೇಶದ ಮೂಲೆಮೂಲೆಗೆ ತಲುಪಿಸುತ್ತಿದ್ದುದು ಇನ್ಸಾಟ್-1ಬಿ. ಅದನ್ನು ಹೊತ್ತೊಯ್ದ ನೌಕೆ ಅಷ್ಟರೊಳಗೆ ಇಲ್ಲವಾಗಿತ್ತೆಂಬುದನ್ನು ಪರದೆಯ ಮುಂದೆ ಕೈಮುಗಿದು ಕುಳಿತವರಲ್ಲಿ ಎಷ್ಟು ಮಂದಿ ಬಲ್ಲವರಿದ್ದರೋ!

ಅಪಘಾತಕ್ಕೆ ಕಾರಣವೇನು? ಒಂದು ರಬ್ಬರು ಬಳೆ. ಮನೆಯ ಕುಕ್ಕರಿನ ಗ್ಯಾಸ್ಕೆಟ್ಟನ್ನು ವಾಚಕರು ನೋಡಿಯೇ ಇರುತ್ತಾರೆ. ಹೊಸದಾಗಿರುವಾಗ ಅದು ಮೆತ್ತಗಿದ್ದು ಮುಚ್ಚಳಕ್ಕೂ ಪಾತ್ರೆಗೂ ನಡುವಿನ ಸಂದನ್ನು ತುಂಬಿಕೊಳ್ಳುತ್ತದೆ. ಹಳೆಯದಾಗಿ ಗಡುಸಾದರೆ ಪಕ್ಕದಿಂದ ಹಬೆ ಸೋರುತ್ತದೆ. ತಾಯಂದಿರು ಅದನ್ನು ತಣ್ಣೀರಿನಲ್ಲಿ ನೆನೆಸಿ ಒಂದೆರಡು ದಿನ ತಳ್ಳುವುದುಂಟು. ಷಟಲ್ ನೌಕೆಯ ಇಕ್ಕೆಲಗಳಲ್ಲಿ ಘನ ಇಂಧನದ ಎರಡು ದೊಡ್ಡ ರಾಕೆಟ್ಟುಗಳು ಇದ್ದವು. ಒಂದೇ ತುಂಡಾಗಿ ಸಾಗಿಸಲಾರದಷ್ಟು ಉದ್ದವಾದ ಅವುಗಳನ್ನು ಕೊಳವೆಯ ತುಂಡುಗಳಂತೆ ಮಾಡಿ, ಉಡಾವಣೆಯ ಸ್ಥಳದಲ್ಲಿ ಒಂದರ ಮೇಲೊಂದನ್ನು ಜೋಡಿಸುತ್ತಿದ್ದರು. ಪ್ರತಿ ಕೀಲಿನಲ್ಲಿಯೂ ಕಿರುಬೆರಳಿಗಿಂತ ತೆಳ್ಳಗಿನ, ಸುತ್ತಲೂ ಬಂದ ಎರಡೆರಡು ರಬ್ಬರು ಬಳೆಗಳು. ಒಳಗೆ ಇಂಧನ ಹೊತ್ತಿಕೊಂಡ ಕ್ಷಣದಲ್ಲಿ ಲೋಹದ ಗೋಡೆ ತುಸು ಉಬ್ಬಿ ಕೀಲು ಕೂದಲೆಳೆಯಷ್ಟು ಬಾಯಿಬಿಡುವುದು. ಅಷ್ಟರೊಳಗೆ ಬಳೆ ತಟ್ಟನೆ ಹಿಗ್ಗಿ ಆ ಸಂದನ್ನು ಮುಚ್ಚಬೇಕು. ಚಳಿಯಲ್ಲಿ ರಬ್ಬರಿಗೆ ಈ ಚುರುಕು ಇರುವುದಿಲ್ಲ. ಅಂದಿನ ಹಿಂದಿನ ರಾತ್ರಿ ಫ್ಲಾರಿಡಾದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಉಡಾವಣೆಯ ವೇಳೆಗೂ ಎರಡು ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬಲಗಡೆಯ ರಾಕೆಟ್ಟಿನ ಕೆಳಗಿನ ಕೀಲಿನಿಂದ ಬೆಂಕಿಯ ನಾಲಗೆಯೊಂದು ಹೊರಚಾಚಿ ಪಕ್ಕದ ಬೃಹತ್ ಇಂಧನದ ತೊಟ್ಟಿಯನ್ನು ತಾಗಿತು. ಉಳಿದುದು ಹೊಗೆ.

ಇಷ್ಟೇ ಆಗಿದ್ದರೆ ಇದನ್ನು ದುರದೃಷ್ಟವೆಂದು ಕರೆದು ಸುಮ್ಮನಾಗಬಹುದಾಗಿತ್ತು. ಆದರೆ ಬಳೆಗಳು ಸುಟ್ಟು ಸವೆಯುತ್ತಿದ್ದುದು ಹಿಂದಿನ ಯಾನಗಳಲ್ಲಿಯೇ ಕಂಡುಬಂದಿತ್ತು. 1985ರ ಜನವರಿಯಲ್ಲಿ ಚಳಿಯ ದಿನದಂದು ಹಾರಿಸಿದ ಷಟಲ್ಲಿನ ಕೀಲಿನಲ್ಲಿ ಮಸಿ ಸೋರಿದ್ದುದನ್ನು ರಾಕೆಟ್ಟು ತಯಾರಿಸುವ ಕಂಪನಿಯ ಇಂಜಿನಿಯರುಗಳು ನೋಡಿದ್ದರು. ಚಾಲೆಂಜರ್ ಹೊರಡುವ ಹಿಂದಿನ ರಾತ್ರಿ ಅವರು ದೂರವಾಣಿಯ ಸಭೆಯಲ್ಲಿ, ಇಷ್ಟು ಚಳಿಯಲ್ಲಿ ಹಾರಿಸಬೇಡಿರೆಂದು ಒತ್ತಿ ಹೇಳಿದರು. ರೋಜರ್ ಬೋಯಿಜೋಲಿ ಎಂಬ ಇಂಜಿನಿಯರು ಅವರಲ್ಲಿ ಮುಖ್ಯರು. ನಾಸಾ ಸಂಸ್ಥೆಯ ಅಧಿಕಾರಿಗಳಿಗೆ ಈ ಸಲಹೆ ರುಚಿಸಲಿಲ್ಲ. ಕಂಪನಿಯ ಮೇಲಧಿಕಾರಿಗಳು ತಮ್ಮತಮ್ಮಲ್ಲಿಯೇ ಮಾತಾಡಿಕೊಂಡು, ಇಂಜಿನಿಯರುಗಳನ್ನು ಬದಿಗಿಟ್ಟು, ಹಾರಿಸಬಹುದೆಂದು ಒಪ್ಪಿಗೆ ಕೊಟ್ಟರು. ಅಪಶಕುನದ ಮಾತು ಆಡಿದವರನ್ನು ಅಲ್ಲಿಯೂ ಕೂರಿಸಲಾಯಿತು.

ತನಿಖಾ ಮಂಡಲಿಯಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ಆ ರಬ್ಬರಿನ ತುಂಡೊಂದನ್ನು ಹಿಡಿಕೆಯಲ್ಲಿ ಅದುಮಿ, ಮುಂದಿದ್ದ ಲೋಟದ ಹಿಮನೀರಿನಲ್ಲಿ ಅದ್ದಿ ತೆಗೆದು, ಅದು ಮೊದಲಿನ ಆಕಾರಕ್ಕೆ ಬೇಗನೆ ಮರಳದಿರುವುದನ್ನು ಎಲ್ಲರೆದುರಿಗೆ ತೋರಿಸಿದರು. ನಮ್ಮ ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿಯೂ ಮಾಡಬಹುದಾದ ಪ್ರಯೋಗವದು. ಅವರು ಬಯಲಿಗೆಳೆದ ಇನ್ನೊಂದು ಸಂಗತಿ ಗಣಿತದ ವಿದ್ಯಾರ್ಥಿಗಳು ಮನಗಾಣತಕ್ಕದ್ದು. ನೌಕೆ ನಾಶವಾಗುವ ಸಂಭವವೆಷ್ಟು ಎಂದು ಕೇಳಿದರೆ ಕೆಲಸಗಾರ ಇಂಜಿನಿಯರುಗಳು ನೂರರಲ್ಲಿ ಒಂದು ಎನ್ನುತ್ತಿದ್ದರು; ಆಡಳಿತದವರು ಲಕ್ಷದಲ್ಲಿ ಒಂದು ಎನ್ನುತ್ತಿದ್ದರು. ಲಕ್ಷದಲ್ಲಿ ಒಂದು ಎಂದರೆ ದಿನಕ್ಕೊಂದು ಯಾನದಂತೆ ಸುಮಾರು 270 ವರ್ಷ ಹಾರಿಸಿದರೆ ಒಂದು ಅಪಘಾತವಾದೀತು ಎಂದರ್ಥ! 2011ರಲ್ಲಿ ಷಟಲ್ಲುಗಳು ನಿವೃತ್ತಿ ಹೊಂದುವ ವೇಳೆಗೆ ಒಟ್ಟು 135 ಯಾನಗಳಾಗಿ, ಎರಡು ನೌಕೆಗಳು ನಾಶವಾಗಿದ್ದವು. ಯಾರ ಲೆಕ್ಕ ಸರಿ ಎಂಬುದನ್ನು ನಾವು ಹೇಳಬೇಕಾಗಿಲ್ಲ.

ಈ ಅಪಘಾತದ ಪೆಟ್ಟು ಬೆಂಗಳೂರಿಗೂ ತಗುಲಿತು. ಇನ್ಸಾಟ್-1ಸಿ ಉಪಗ್ರಹವನ್ನು 1986ರ ಸೆಪ್ಟೆಂಬರಿನಲ್ಲಿ ಷಟಲ್ಲಿನಲ್ಲಿಯೇ ಕಳುಹಿಸುವುದೆಂದು ಗೊತ್ತಾಗಿತ್ತು. ಅದರೊಡನೆ ಒಬ್ಬ ಭಾರತೀಯ ಇಂಜಿನಿಯರನೂ ಹೋಗತಕ್ಕದ್ದಿತ್ತು. 1985ರಲ್ಲಿ ನಮ್ಮ ಸಂಸ್ಥೆಯೊಳಗಿನಿಂದಲೇ ಇಬ್ಬರನ್ನು ಆರಿಸಿದ್ದರು: ಬೆಂಗಳೂರಿನ ಉಪಗ್ರಹ ಕೇಂದ್ರದ ನಾಗಪತಿ ಚಿದಂಬರ ಭಟ್ಟರು ಮತ್ತು ತಿರುವನಂತಪುರದ ಪಿ. ರಾಧಾಕೃಷ್ಣನ್ ಅವರು. ಒಬ್ಬರು ಹಾರುವುದು, ಇನ್ನೊಬ್ಬರು ಮೀಸಲು. ರಾಕೇಶ್ ಶರ್ಮರು 1984ರ ಏಪ್ರಿಲ್ 3ರಂದು ಸೋವಿಯತ್ ನೌಕೆಯಲ್ಲಿ ಹೋಗಿಬಂದ ಎರಡೇ ವರ್ಷಗಳಲ್ಲಿ ನಮ್ಮ ವಿಜ್ಞಾನಿಯೊಬ್ಬರು ಕಕ್ಷೆಯಲ್ಲಿರಬೇಕಾಗಿತ್ತು. ಚಾಲೆಂಜರಿನ ಹೊಗೆಯಲ್ಲಿ ಆ ಆಸನವೂ ಕರಗಿತು. ಭಟ್ಟರ ಹೆಸರನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಕೇಳಿದವರು ವಿರಳ. ಹಾರಿದವರ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ನಾವು, ಸಿದ್ಧರಾಗಿ ನಿಂತು ಹಾರಲಾಗದವರನ್ನು ಬಿಟ್ಟುಬಿಡುತ್ತೇವೆ. ಭಾರತದ ಮುಂದಿನ ಯಾತ್ರಿಕ ಶುಭಾಂಶು ಶುಕ್ಲ ಅವರು ಕಕ್ಷೆಗೆ ಏರಿದುದು 2025ರ ಜೂನ್ 25ರಂದು. ನಡುವೆ ಸಂದುದು 41 ವರ್ಷ. ಅಷ್ಟೂ ಕಾಲ ವ್ಯರ್ಥವಾದುದಕ್ಕೆ ಒಂದು ರಬ್ಬರು ಬಳೆಯೇ ಹೊಣೆ ಎನ್ನುವುದು ಅತಿಶಯೋಕ್ತಿ. ಆದರೆ ಸರಣಿಯ ಮೊದಲ ಕೊಂಡಿ ಕಳಚಿದುದು ಅಲ್ಲಿಯೇ.

ಉಪಗ್ರಹದ ಕಥೆಯೂ ಹೀಗೆಯೇ. ಆ ವರ್ಷ ಅಮೆರಿಕದ ಟೈಟನ್, ಡೆಲ್ಟ ರಾಕೆಟ್ಟುಗಳೂ ಯುರೋಪಿನ ಏರಿಯಾನ್ ರಾಕೆಟ್ಟೂ ಒಂದಾದ ಮೇಲೊಂದು ವಿಫಲವಾದವು. ಉಪಗ್ರಹ ಕೈಯಲ್ಲಿದ್ದರೂ ಬಂಡಿಯಿಲ್ಲ! ವಾಣಿಜ್ಯದ ಉಪಗ್ರಹಗಳನ್ನು ಷಟಲ್ಲಿನಲ್ಲಿ ಇನ್ನು ಒಯ್ಯುವುದಿಲ್ಲವೆಂದು ಅಮೆರಿಕ ಸರಕಾರ ಸಾರಿತು. ಇನ್ಸಾಟ್-1ಸಿ ಕೊನೆಗೆ 1988ರ ಜುಲೈಯಲ್ಲಿ ಏರಿಯಾನ್ ಮೇಲೆ ಹೋಗಿ, ವಿದ್ಯುತ್ ವ್ಯವಸ್ಥೆಯ ದೋಷದಿಂದ ಅರ್ಧ ಶಕ್ತಿಯಲ್ಲಿ ದುಡಿದು, 1989ರಲ್ಲಿ ಕೈಬಿಟ್ಟಿತು. ಚಾಲೆಂಜರಿನ ದುರಂತವೇ ನಮಗೆ ಸ್ವಾವಲಂಬನೆಯನ್ನು ಕಲಿಸಿತೆಂದು ಕೆಲವರು ಬರೆಯುವುದುಂಟು. ನಮಗೆ ಇದು ಒಪ್ಪಿಗೆಯಿಲ್ಲ. ಪಿಎಸ್‌ಎಲ್‌ವಿ ರಾಕೆಟ್ಟಿನ ಯೋಜನೆಯನ್ನು ಅದಕ್ಕೆ ಮೊದಲೇ ಕೈಗೆತ್ತಿಕೊಂಡಿದ್ದರು. ಪರರ ಸಾವಿನಿಂದ ನಮಗೆ ಲಾಭವಾಯಿತೆಂಬ ಧ್ವನಿ ಆ ಮಾತಿನಲ್ಲಿದೆ. ಅದು ಸುಳ್ಳೂ ಹೌದು, ಅಶೋಭನವೂ ಹೌದು.

ಹುಡುಗಿಯ ಪ್ರಶ್ನೆಗೆ ಚರಿತ್ರೆ ಕೊಡುವ ಉತ್ತರ ಹೀಗಿದೆ. 1967ರ ಜನವರಿ 27ರಂದು ಅಪೊಲೊ-1ರ ಮೂವರು ನೆಲದ ಮೇಲಿನ ಪರೀಕ್ಷೆಯಲ್ಲಿಯೇ ಬೆಂಕಿಗೆ ಸಿಕ್ಕಿ ಸತ್ತರು. ಕೋಣೆಯ ತುಂಬ ಶುದ್ಧ ಆಮ್ಲಜನಕ, ಒಳಮುಖವಾಗಿ ತೆರೆಯುವ ಬಾಗಿಲು. ಬಾಗಿಲನ್ನು ಹೊರಮುಖವಾಗಿ ಸೆಕೆಂಡುಗಳಲ್ಲಿ ತೆರೆಯುವಂತೆ ಮಾಡಿ, ನೆಲದ ಮೇಲಿರುವಾಗ ನೈಟ್ರೊಜನ್ ಬೆರೆಸಿ, ಇಪ್ಪತ್ತು ತಿಂಗಳು ಕಳೆದ ಮೇಲೆ ಮತ್ತೆ ಹಾರಿದರು. ಬೆಂಕಿಯಾದ ಮೂವತ್ತನೆಯ ತಿಂಗಳಲ್ಲಿ ಚಂದ್ರನನ್ನು ಮುಟ್ಟಿದರು. ಅದೇ 1967ರ ಏಪ್ರಿಲಿನಲ್ಲಿ ಸೋವಿಯತ್ ದೇಶದ ಕೊಮರೋವ್ ಅವರು ಸೊಯೂಜ್-1ರ ಪ್ಯಾರಾಶೂಟು ಬಿಚ್ಚಿಕೊಳ್ಳದೆ ಮಡಿದರು. 1971ರ ಜೂನ್ 30ರಂದು ಸೊಯೂಜ್-11 ಹಿಂದಿರುಗುವಾಗ ಗಾಳಿಯ ಕವಾಟವೊಂದು ಅಕಾಲದಲ್ಲಿ ತೆರೆದು ಮೂವರೂ ಉಸಿರಿಲ್ಲದೆ ಹೋದರು. ನೌಕೆ ಮಾತ್ರ ಸೊಗಸಾಗಿ ನೆಲಕ್ಕಿಳಿಯಿತು. ಇಕ್ಕಟ್ಟಿನಿಂದಾಗಿ ಅವರಿಗೆ ಒತ್ತಡದ ಉಡುಪನ್ನೇ ಕೊಟ್ಟಿರಲಿಲ್ಲ. ಆಮೇಲೆ ಮೂರನೆಯ ಆಸನವನ್ನು ತೆಗೆದುಹಾಕಿ ಉಳಿದಿಬ್ಬರಿಗೆ ಉಡುಪು ತೊಡಿಸಿದರು. ಮತ್ತೆ ಹಾರಲು ಎರಡು ವರ್ಷಕ್ಕೂ ಮೇಲೆ ಹಿಡಿಯಿತು. ಚಾಲೆಂಜರ್ ಅನಂತರ 32 ತಿಂಗಳು ಯಾರೂ ಷಟಲ್ಲಿನಲ್ಲಿ ಏರಲಿಲ್ಲ. ಎಲ್ಲ ಸಲವೂ ನಿಲ್ಲಿಸಿದರು, ಹುಡುಕಿದರು, ತಿದ್ದಿದರು, ಹೊರಟರು. ಅಪಘಾತವು ಅಂತರಿಕ್ಷಯಾನವನ್ನು ಕೊಂದ ಉದಾಹರಣೆ ಒಂದೂ ಇಲ್ಲ.

ಆದರೆ ತಿದ್ದಿದ ಬುದ್ಧಿ ಮಾಸಿದ ಉದಾಹರಣೆ ಇದೆ. 2003ರ ಜನವರಿ 16ರಂದು ಕೊಲಂಬಿಯ ಮೇಲೇರಿ ಸುಮಾರು 82 ಸೆಕೆಂಡಾದಾಗ ಇಂಧನದ ತೊಟ್ಟಿಯ ಹೊದಿಕೆಯ ನೊರೆಯಂತಹ ತುಂಡೊಂದು ಕಳಚಿ ಎಡರೆಕ್ಕೆಯ ಅಂಚಿಗೆ ಬಡಿಯಿತು. ಕಕ್ಷೆಯಲ್ಲಿರುವ ನೌಕೆಯ ಚಿತ್ರ ತೆಗೆಸಿರೆಂದು ಇಂಜಿನಿಯರುಗಳು ಬೇಡಿದರು, ಮೇಲಿನವರು ಬೇಡವೆಂದರು. ನೊರೆ ಕಳಚುವುದು ಹಿಂದೆಯೂ ಆಗಿತ್ತಲ್ಲ, ಏನೂ ಕೆಡಲಿಲ್ಲವಲ್ಲ ಎಂಬ ಧೈರ್ಯ! ಫೆಬ್ರವರಿ 1ರಂದು ಹಿಂದಿರುಗುವಾಗ ಆ ಗಾಯದ ಮೂಲಕ ಕಾದ ಅನಿಲ ರೆಕ್ಕೆಯೊಳಗೆ ನುಗ್ಗಿತು. ಕಲ್ಪನಾ ಚಾವ್ಲಾ ಮತ್ತು ಆರು ಸಂಗಾತಿಗಳು ಬೂದಿಯಾದರು.

ಕರ್ನಾಟಕ ಸರಕಾರ ಆಕೆಯ ಹೆಸರಿನಲ್ಲಿ ತರುಣ ವಿಜ್ಞಾನಿನಿಯರಿಗೆ ಪ್ರಶಸ್ತಿಯನ್ನು ಸ್ಥಾಪಿಸಿತು. 2002ರಲ್ಲಿ ಹಾರಿಸಿದ ನಮ್ಮ ಹವಾಮಾನ ಉಪಗ್ರಹಕ್ಕೆ ಕಲ್ಪನಾ-1 ಎಂದು ಮರುನಾಮಕರಣವಾಯಿತು. ಇದೆಲ್ಲ ಉಚಿತವೇ. ಆದರೆ ನಾವು ಭಾಷಣಕ್ಕೆ ಹೋದ ಕಡೆಗಳಲ್ಲೆಲ್ಲ ಕೇಳಿ ನೋಡಿದ್ದೇವೆ: ಕಲ್ಪನಾ ಯಾರೆಂದು ಎಲ್ಲ ಮಕ್ಕಳಿಗೂ ಗೊತ್ತು; ಆಕೆ ಸತ್ತುದು ಏತರಿಂದ ಎಂದರೆ ಮೌನ. ಹುತಾತ್ಮರೆಂದು ಕರೆದುಬಿಡುವುದು ನಮ್ಮಲ್ಲಿ ಸುಲಭ. ಆ ಮಾತಿನ ಹೂವಿನ ರಾಶಿಯ ಕೆಳಗೆ ಕಾರಣವು ಹೂತುಹೋಗುತ್ತದೆ. ಆಕೆ ಪ್ರಾಣವನ್ನು ಅರ್ಪಿಸಲು ಹೊರಟವರಲ್ಲ, ಕೆಲಸ ಮುಗಿಸಿ ಮನೆಗೆ ಬರಲು ಹೊರಟವರು. ಬರಗೊಡದಂತೆ ಮಾಡಿದ್ದು ವಿಧಿಯಲ್ಲ, ಚಿತ್ರ ತೆಗೆಸದ ತೀರ್ಮಾನ.

ಇನ್ನು ನಮ್ಮ ಮನೆಯ ಸಂಗತಿ. ಹೆಮ್ಮೆಪಡತಕ್ಕದ್ದು ಇಲ್ಲದಿಲ್ಲ. ಷಟಲ್ಲಿನಲ್ಲಿ ಇಲ್ಲದಿದ್ದ ಪಾರುಗಾಣಿಸುವ ರಾಕೆಟ್ಟು ಗಗನಯಾನದಲ್ಲಿದೆ. ಕೆಳಗಿನ ರಾಕೆಟ್ಟು ಕೆಟ್ಟರೆ ಯಾತ್ರಿಕರ ಕೋಣೆಯನ್ನು ಅದು ಎಳೆದುಕೊಂಡು ದೂರ ಒಯ್ಯುವುದು. 2018ರಲ್ಲಿಯೂ 2023ರ ಅಕ್ಟೋಬರ್ 21ರಂದೂ ಅದನ್ನು ಹಾರಿಸಿ ಪರೀಕ್ಷಿಸಿದರು. ಶುಕ್ಲ ಅವರ ಯಾನ ತಡವಾದ ಕಾರಣಗಳಲ್ಲಿ ಒಂದು, ಅಮೆರಿಕದ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕದ ಸೋರಿಕೆ. ಅದನ್ನು ಸರಿಪಡಿಸಿ ಪರೀಕ್ಷಿಸಿದ ಹೊರತು ಹೊರಡಕೂಡದೆಂದು ತಮ್ಮವರು ಪಟ್ಟುಹಿಡಿದುದಾಗಿ ನಮ್ಮ ಸಂಸ್ಥೆಯ ಅಧ್ಯಕ್ಷ ವಿ. ನಾರಾಯಣನ್ ತಿಳಿಸಿದ್ದಾರೆ. 1986ರ ಆ ರಾತ್ರಿ ನಡೆಯದೆ ಹೋದುದು ಇದೇ ಅಲ್ಲವೆ?

ಆದರೆ ಅನ್ಯರ ರಾಕೆಟ್ಟಿನ ಸೋರಿಕೆಯನ್ನು ಎತ್ತಿ ಆಡುವುದು ಸುಲಭ. ತನ್ನದನ್ನು ಆಡುವುದು ಕಷ್ಟ. 2021ರ ಆಗಸ್ಟಿನಲ್ಲಿ ಜಿಎಸ್‌ಎಲ್‌ವಿ-ಎಫ್10 ವಿಫಲವಾದಾಗ ಕಾರಣವನ್ನು ಸಾರ್ವಜನಿಕರ ಮುಂದಿಟ್ಟರು: ದ್ರವ ಜಲಜನಕದ ತೊಟ್ಟಿಯ ಕವಾಟದಲ್ಲಿನ ಮೆದುವಾದ ಮುದ್ರಿಕೆಗೆ ಹಾನಿ. ನೋಡಿ, ಮತ್ತೆ ಗ್ಯಾಸ್ಕೆಟ್ಟಿನ ಕುಲದ ಒಂದು ವಸ್ತುವೇ! 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61ರ ಮೂರನೆಯ ಹಂತ ಕೈಕೊಟ್ಟಾಗ ಹಾಗಾಗಲಿಲ್ಲ. ಸಮಿತಿಯ ವರದಿ ಜನರ ಮುಂದೆ ಬರುವ ಮೊದಲೇ 2026ರ ಜನವರಿ 12ರಂದು ಮುಂದಿನ ಪಿಎಸ್‌ಎಲ್‌ವಿ ಮೇಲೇರಿತು. ಅದೂ ಮೂರನೆಯ ಹಂತದಲ್ಲಿಯೇ ದಾರಿ ತಪ್ಪಿತು. ಒಳಗಿನವರು ಹುಡುಕಲಿಲ್ಲವೆಂದು ನಾವು ಹೇಳುವುದಿಲ್ಲ. ಹೊರಗಿನವರ ಕಣ್ಣೂ ಬಿದ್ದಿದ್ದರೆ ಕೆಟ್ಟುದೇನೆಂದು ಕೇಳುತ್ತೇವೆ. ಅವುಗಳಲ್ಲಿ ಇದ್ದುದು ಯಂತ್ರಗಳು. ಗಗನಯಾನದ ಕೋಣೆಯಲ್ಲಿ ಇರುವವರು ಮನುಷ್ಯರು.

ಯಂತ್ರಗಳೇ ಎಲ್ಲವನ್ನೂ ಮಾಡುತ್ತಿರುವಾಗ ಮನುಷ್ಯರನ್ನು ಕಳುಹಿಸುವುದಾದರೂ ಏಕೆಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಾದುದಲ್ಲ, ಅದಕ್ಕೆ ಬೇರೆಯೇ ಲೇಖನ ಬೇಕು. ದೇಶವು ಕಳುಹಿಸುವುದೆಂದು ತೀರ್ಮಾನಿಸಿಯಾಗಿದೆ. ಹಾಗಿರುವಾಗ ಮಾಡಬೇಕಾದ ಕೆಲಸವೊಂದಿದೆ. ಚಾಲೆಂಜರಿನ ಪಾಠದಿಂದ ಅಮೆರಿಕದವರು, ಮುಂದೆ ಅಪಘಾತವಾದರೆ ತನಿಖೆ ಮಾಡತಕ್ಕ ಮಂಡಲಿಯ ರಚನೆಯನ್ನು ಮುಂಗಡವಾಗಿಯೇ ಗೊತ್ತುಮಾಡಿ ಇಟ್ಟಿದ್ದರು. ಕೊಲಂಬಿಯ ಒಡೆದ ದಿನವೇ ಆ ಮಂಡಲಿ ಎದ್ದು ನಿಂತಿತು. ಏಳು ತಿಂಗಳಲ್ಲಿ, ಮೇಲಧಿಕಾರಿಗಳನ್ನೂ ಬಿಡದೆ, ವರದಿಯನ್ನು ಲೋಕದ ಮುಂದಿಟ್ಟಿತು. ನಮ್ಮಲ್ಲಿ ವಿಮಾನಾಪಘಾತಗಳಿಗೆ ಇಂತಹ ವ್ಯವಸ್ಥೆ ಇದೆ. 2025ರ ಜೂನ್ 12ರ ಅಹಮದಾಬಾದಿನ ದುರಂತದ ಪ್ರಾಥಮಿಕ ವರದಿ ಒಂದು ತಿಂಗಳಲ್ಲಿ ಪ್ರಕಟವಾಯಿತು. ಗಗನನೌಕೆಗೂ ಇಂತಹುದೊಂದು, ಹಾರಿಸುವ ಸಂಸ್ಥೆಯ ಅಂಕೆಯಲ್ಲಿ ಇಲ್ಲದ್ದು, ಯಾತ್ರಿಕರು ಏಣಿ ಹತ್ತುವ ಮೊದಲೇ ಕಾಯಿದೆಯಿಂದ ನೇಮಕವಾಗಬೇಕು. ಯಾತ್ರಿಕರಿಗೆ ತರಬೇತಿ ನಡೆದಿರುವುದು ಬೆಂಗಳೂರಿನಲ್ಲಿ. ಈ ಊರಿನ ಕಾಲೇಜುಗಳ ವಿದ್ಯಾರ್ಥಿಗಳು ಇದನ್ನು ಕೇಳಿದರೆ ಯಾರೂ ಅಧಿಕಪ್ರಸಂಗವೆನ್ನಲಾರರು.

ಅಂದು ಸಭೆ ಮುಗಿದು ನಾವು ಗೇಟಿನ ಬಳಿ ಬಂದಾಗ ಆ ಹುಡುಗಿ ಗೆಳತಿಯೊಡನೆ ಕಾಯುತ್ತಿದ್ದಳು. ಮೇಲೆ ಬರೆದ ತಿಂಗಳುಗಳ ಲೆಕ್ಕವನ್ನು ಅವಳಿಗೆ ಹೇಳಿದೆವು. ಪುಸ್ತಕದ ಹಿಂದೆ ಎಲ್ಲವನ್ನೂ ಗುರುತುಹಾಕಿಕೊಂಡಳು. ಆಮೇಲೆ, “ಮತ್ತೆ ಹೊರಡಬಹುದು ಅಂತ ಯಾರು ಹೇಳೋದು ಸಾರ್?” ಎಂದು ಕೇಳಿದಳು. ನಮ್ಮ ದೇಶದ ಮಟ್ಟಿಗೆ ಅದಕ್ಕೆ ಹೇಳಬಹುದಾದ ಹೆಸರು ನಮ್ಮಲ್ಲಿ ಇರಲಿಲ್ಲ. ಬಸವೇಶ್ವರನಗರದ ಬಸ್ಸು ಬಂದುದರಿಂದ ಅವಳು ಓಡಿದಳು.